ರೋಬೋಟಿನ ಕೀಲುಗಳ ಮೇಲೆ ಹೂಡಿಕೆ: ಹೊಸೂರಿನ ಶೆಡ್ಡಿನಿಂದ ಒಂದು ಲೆಕ್ಕ

ಸಾಹಿತ್ಯದ ವಿದ್ಯಾರ್ಥಿನಿ ಷೇರಿನ ವಿಷಯ ಯಾಕೆ ಎತ್ತಿಕೊಂಡಳು ಅಂತ ನಿಮಗೆ ಅನಿಸಬಹುದು. ನಮ್ಮದು ಹೊಸೂರು. ಮನೆಯಲ್ಲಿ ಕನ್ನಡ, ಶೆಡ್ಡಿನಲ್ಲಿ ತಮಿಳು, ಡ್ರಾಯಿಂಗ್‌ನಲ್ಲಿ ಇಂಗ್ಲಿಷ್. ಅಪ್ಪ ಲೇತ್ ಇಟ್ಟುಕೊಂಡು ಬೈಕಿನ ಬಿಡಿಭಾಗಗಳ ಜಾಬ್ ವರ್ಕ್ ಮಾಡುತ್ತಿದ್ದರು. ಈಗ ಅಣ್ಣ ಮನೆಯ ಉಳಿತಾಯವನ್ನು ಹ್ಯೂಮನಾಯ್ಡ್ ರೋಬೋಟಿನ ಬಿಡಿಭಾಗ ಮಾಡುವ ಕಂಪನಿಗಳ ಷೇರಿಗೆ ಹಾಕೋಣ ಅನ್ನುತ್ತಿದ್ದಾನೆ. ಅವನ ವಾದ ಇಷ್ಟು: ರೋಬೋಟ್ ಮಾಡುವವರಲ್ಲಿ ಯಾರು ಗೆಲ್ತಾರೋ ಗೊತ್ತಿಲ್ಲ, ಯಾರೇ ಗೆದ್ದರೂ ಕೀಲು ಬೇಕೇ ಬೇಕು.

ಇದರಲ್ಲಿ ಅರ್ಧ ಸತ್ಯವಿದೆ. ಟೆಸ್ಲಾ 2022ರಲ್ಲಿ ತೋರಿಸಿದ ಆಪ್ಟಿಮಸ್ ಮಾದರಿಯ ದೇಹದಲ್ಲಿ, ಬೆರಳುಗಳನ್ನು ಬಿಟ್ಟು, 28 ಆಕ್ಚುಯೇಟರ್‌ಗಳಿದ್ದವು. ಆಕ್ಚುಯೇಟರ್ ಅಂದರೆ ಯಂತ್ರದ ಕೀಲನ್ನು ಆಡಿಸುವ ಭಾಗ. ಮೋಟಾರು ವೇಗವಾಗಿ ತಿರುಗುತ್ತದೆ. ಮೊಣಕೈಗೆ ಬೇಕಾದ್ದು ನಿಧಾನ ಮತ್ತು ಬಲ. ಅದಕ್ಕೆ ಹಾರ್ಮೋನಿಕ್ ಗೇರು. ಹೊರಗಿನ ಬಳೆಯಲ್ಲಿ 102 ಹಲ್ಲು, ಒಳಗಿನ ಬಾಗುವ ಉಕ್ಕಿನ ಬಟ್ಟಲಿನಲ್ಲಿ 100 ಹಲ್ಲು ಇದ್ದರೆ, ಮೋಟಾರಿನ ಒಂದೊಂದು ಸುತ್ತಿಗೂ ಬಟ್ಟಲು ಎರಡೇ ಹಲ್ಲು ಸರಿಯುತ್ತದೆ. ಮೋಟಾರಿನ 50 ಸುತ್ತಿಗೆ ಕೀಲು ಒಂದು ಸುತ್ತು. ದಿನವಿಡೀ ಬಾಗಿದರೂ ಬಿರುಕು ಬಿಡದ ಬಟ್ಟಲನ್ನು ಮಾಡುವುದು ಸುಲಭವಲ್ಲ.

ಲಕ್ಷ ರೋಬೋಟಿಗೆ 28 ಲಕ್ಷ ಆಕ್ಚುಯೇಟರ್. ಅಣ್ಣ ಈ ಗುಣಾಕಾರದಲ್ಲೇ ನಿಂತಿದ್ದಾನೆ. ಆದರೆ ಡ್ರಾಯಿಂಗ್ ಬದಲಾದರೆ? ಅದೇ ಆಪ್ಟಿಮಸ್‌ನ ಕೈಗೆ 2022ರಲ್ಲಿ 11 ಬಗೆಯ ಚಲನೆ ಇತ್ತು, 2024ರಲ್ಲಿ 22. ನಮ್ಮ ಶೆಡ್ಡಿನಲ್ಲಿ ಸಾಲ ಮಾಡಿ ತಂದ ಒಂದು ಮೆಷಿನ್, ಗಿರಾಕಿಯ ಡ್ರಾಯಿಂಗ್ ಬದಲಾದ ಮೇಲೆ, ಎರಡು ವರ್ಷ ಗೋಣಿ ಹೊದ್ದು ನಿಂತಿತ್ತು. ಆಗ ಬೈಕಿನ ಮಾರಾಟವೇನೂ ನಿಂತಿರಲಿಲ್ಲ.

ಇನ್ನೊಂದು ತೊಡಕು ಆಯಸ್ಕಾಂತದ್ದು. ಇಂಥ ಮೋಟಾರುಗಳಿಗೆ ನಿಯೋಡಿಮಿಯಂ ಆಯಸ್ಕಾಂತ ಬೇಕು. ಅದು ಬಿಸಿ ತಡೆಯಲು ಡಿಸ್ಪ್ರೋಸಿಯಂ, ಟರ್ಬಿಯಂ ಬೆರೆಸುತ್ತಾರೆ. 2025ರ ಏಪ್ರಿಲ್‌ನಲ್ಲಿ ಚೀನಾ ಈ ಎರಡರ ರಫ್ತಿಗೆ ಪರವಾನಗಿ ಕಡ್ಡಾಯ ಮಾಡಿತು. ಅದೇ ತಿಂಗಳು ಎಲಾನ್ ಮಸ್ಕ್, ಆಪ್ಟಿಮಸ್ ತಯಾರಿಕೆಗೆ ಇದರಿಂದ ತೊಡಕಾಗಿದೆ ಎಂದರು. ಆಯಸ್ಕಾಂತ ಬರದಿದ್ದರೆ ಗೇರು ಮಾಡುವವನ ಆರ್ಡರೂ ನಿಲ್ಲುತ್ತದೆ.

ಅಣ್ಣನಿಗೆ ಹಾಕಬೇಡ ಅಂತ ನಾನು ಹೇಳಲಿಲ್ಲ. ಮೂರು ಪ್ರಶ್ನೆ ಬರೆದುಕೊಟ್ಟೆ. ಕಂಪನಿಯ ಈಗಿನ ಆದಾಯದಲ್ಲಿ ರೋಬೋಟಿನಿಂದ ಬರುವುದೆಷ್ಟು? ಗಿರಾಕಿ ಒಬ್ಬನೇನಾ? ಡ್ರಾಯಿಂಗ್ ಬದಲಾದರೆ ಅದೇ ಮೆಷಿನ್‌ನಲ್ಲಿ ಬೇರೇನು ಮಾಡಬಹುದು? ವಾರ್ಷಿಕ ವರದಿ ತೆರೆದು ಹುಡುಕುತ್ತಿದ್ದಾನೆ. ಮೂರನೆಯ ಪ್ರಶ್ನೆ ಅಪ್ಪನದು.