ಯುರೋಪಿನ ಎಂಬಿಎ: ‘ಒಂದೇ ವರ್ಷ, ಅರ್ಧ ಖರ್ಚು’ ಎಂಬ ಮಾತು ಎಷ್ಟು ನಿಜ?

“ಅಮೆರಿಕದಲ್ಲಿ ಎರಡು ವರ್ಷ ಓದಿ ಸಾಲ ಮಾಡಿಕೊಳ್ಳಬೇಡಿ. ಯುರೋಪಿಗೆ ಹೋಗಿ, ಒಂದೇ ವರ್ಷದಲ್ಲಿ ಅರ್ಧ ಖರ್ಚಿಗೆ ಎಂಬಿಎ ಮುಗಿಸಿ. ಟ್ರಿಪಲ್ ಕ್ರೌನ್ ಇರುವ ಕಾಲೇಜಾದರೆ ಕಣ್ಣುಮುಚ್ಚಿ ಸೇರಬಹುದು.” ಈ ಧಾಟಿಯ ಸಂದೇಶ ನಿಮ್ಮ ಮೊಬೈಲಿಗೂ ಬಂದಿರಬಹುದು. ಅಮೆರಿಕದಲ್ಲಿ ಮಕ್ಕಳನ್ನು ಓದಿಸುತ್ತಿರುವ ಕನ್ನಡ ಕುಟುಂಬಗಳಿಗಂತೂ ಇದು ಲಕ್ಷಾಂತರ ರೂಪಾಯಿಯ ಪ್ರಶ್ನೆ. ಈ ಸಂದೇಶ ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಅಮೆರಿಕದ ವಿದ್ಯಾರ್ಥಿಯೊಬ್ಬರು ಯುರೋಪಿನ ಬಿಸಿನೆಸ್ ಸ್ಕೂಲನ್ನು ಹೇಗೆ ಅಳೆಯಬೇಕು ಎಂಬುದನ್ನು ಒಂದೊಂದಾಗಿ ನೋಡೋಣ.

ಎಲ್ಲವೂ ಒಂದೇ ವರ್ಷವೇ?

ಅಲ್ಲ. ಫ್ರಾನ್ಸಿನ ಫಾಂಟೆನ್‌ಬ್ಲೋದಲ್ಲಿ 1957ರಲ್ಲಿ ಆರಂಭವಾದ ಇನ್ಸಿಯಾಡ್‌ನ ಎಂಬಿಎ 10 ತಿಂಗಳಿನದು. ಸ್ವಿಟ್ಜರ್ಲೆಂಡಿನ ಐಎಂಡಿಯದು ಸುಮಾರು ಒಂದು ವರ್ಷ. ಆದರೆ ಲಂಡನ್ ಬಿಸಿನೆಸ್ ಸ್ಕೂಲ್‌ನ ಮುಖ್ಯ ಎಂಬಿಎ 15ರಿಂದ 21 ತಿಂಗಳು ನಡೆಯುತ್ತದೆ. ಇನ್ನೊಂದೆಡೆ, ಅಮೆರಿಕದಲ್ಲೂ ಕೆಲಾಗ್, ಕಾರ್ನೆಲ್‌ನಂಥ ಕಡೆ ಒಂದು ವರ್ಷದ ಎಂಬಿಎ ಇದೆ.

ಅವಧಿ ಕಡಿಮೆಯಾದರೆ ಒಂದು ವರ್ಷದ ಸಂಬಳ ಉಳಿಯುತ್ತದೆ ಎಂಬುದು ನಿಜ. ಆದರೆ ಅದಕ್ಕೆ ತೆರುವ ಬೆಲೆಯೊಂದಿದೆ, ಅದು ಬೇಸಿಗೆಯ ಇಂಟರ್ನ್‌ಶಿಪ್. ಎರಡು ವರ್ಷದ ಅಮೆರಿಕನ್ ಕೋರ್ಸಿನಲ್ಲಿ ಮೊದಲ ವರ್ಷದ ನಂತರ ವಿದ್ಯಾರ್ಥಿಗಳು ಕಂಪನಿಗಳಲ್ಲಿ ಕೆಲಸ ಮಾಡುತ್ತಾರೆ. ನ್ಯೂಯಾರ್ಕಿನ ಇನ್ವೆಸ್ಟ್‌ಮೆಂಟ್ ಬ್ಯಾಂಕುಗಳು ಕಾಯಂ ಹುದ್ದೆಗೆ ಬಹುಪಾಲು ಆರಿಸುವುದು ಹೀಗೆ ಬಂದ ಇಂಟರ್ನ್‌ಗಳನ್ನೇ. ಹತ್ತು ತಿಂಗಳ ಕೋರ್ಸಿನಲ್ಲಿ ಇದಕ್ಕೆ ಜಾಗ ಕಡಿಮೆ. ಇನ್ಸಿಯಾಡ್‌ನಲ್ಲೂ ಜನವರಿಯಲ್ಲಿ ಸೇರುವವರಿಗೆ ಬೇಸಿಗೆಯಲ್ಲಿ ಇಂಟರ್ನ್‌ಶಿಪ್‌ಗೆ ಬಿಡುವಿದೆ, ವರ್ಷದ ಮಧ್ಯೆ ಸೇರುವವರಿಗೆ ಇಲ್ಲ. ಇರುವ ಕ್ಷೇತ್ರದಲ್ಲೇ ಮೇಲೇರಲು ಬಯಸುವವರಿಗೆ ಇದು ದೊಡ್ಡ ನಷ್ಟವಲ್ಲ. ಕ್ಷೇತ್ರವನ್ನೇ ಬದಲಿಸಲು ಹೊರಟವರಿಗೆ ನಷ್ಟ.

ಖರ್ಚು ನಿಜಕ್ಕೂ ಅರ್ಧವೇ?

ಅಮೆರಿಕದ ಮುಂಚೂಣಿ ಸಂಸ್ಥೆಗಳಲ್ಲಿ ಬೋಧನಾ ಶುಲ್ಕವೇ ವರ್ಷಕ್ಕೆ ಸುಮಾರು 80 ಸಾವಿರ ಡಾಲರ್. ಎರಡು ವರ್ಷಕ್ಕೆ 1 ಲಕ್ಷ 60 ಸಾವಿರ. ಇನ್ಸಿಯಾಡ್‌ನ ಇಡೀ ಕೋರ್ಸಿನ ಶುಲ್ಕ ಸುಮಾರು 1 ಲಕ್ಷ ಯೂರೋ. ಉಳಿತಾಯ ಇದೆ, ಆದರೆ ‘ಅರ್ಧ’ ಎನ್ನುವುದು ಉತ್ಪ್ರೇಕ್ಷೆ. ಶುಲ್ಕ ಯೂರೋ, ಪೌಂಡ್ ಅಥವಾ ಸ್ವಿಸ್ ಫ್ರಾಂಕ್‌ನಲ್ಲಿ, ಸಾಲ ಡಾಲರಿನಲ್ಲಿ. ಡಾಲರ್ ಬಿದ್ದರೆ ಲೆಕ್ಕ ತಪ್ಪುತ್ತದೆ.

“ಜರ್ಮನಿಯಲ್ಲಿ ಎಲ್ಲವೂ ಉಚಿತ” ಎಂಬ ಇನ್ನೊಂದು ಸಂದೇಶವೂ ಇದೆ. ಅಲ್ಲಿನ ಸರ್ಕಾರಿ ವಿಶ್ವವಿದ್ಯಾಲಯಗಳ ಬಹುತೇಕ ಸಾಮಾನ್ಯ ಪದವಿಗಳಿಗೆ ಬೋಧನಾ ಶುಲ್ಕವಿಲ್ಲ ಎಂಬುದು ಸರಿ. ಆದರೆ ಎಂಬಿಎ ಆ ಲೆಕ್ಕಕ್ಕೆ ಬರುವುದಿಲ್ಲ. ಮ್ಯಾನ್‌ಹೈಮ್‌ನಲ್ಲೂ ಎಂಬಿಎಗೆ ದೊಡ್ಡ ಶುಲ್ಕವೇ ಇದೆ. ಆ ಊರಿರುವ ಬಾಡೆನ್-ವ್ಯೂರ್ಟೆಂಬರ್ಗ್ ರಾಜ್ಯ 2017ರಿಂದ ಯುರೋಪ್ ಒಕ್ಕೂಟದ ಹೊರಗಿನ ವಿದ್ಯಾರ್ಥಿಗಳಿಗೆ ಸಾಮಾನ್ಯ ಪದವಿಗಳಿಗೂ ಸೆಮಿಸ್ಟರಿಗೆ 1,500 ಯೂರೋ ವಿಧಿಸುತ್ತಿದೆ.

ಸಾಲ ಸಿಗುತ್ತದೆಯೇ?

ಅಮೆರಿಕದ ಕೇಂದ್ರ ಸರ್ಕಾರದ ಶಿಕ್ಷಣ ಸಾಲವನ್ನು ವಿದೇಶದಲ್ಲಿ ಓದಲೂ ಬಳಸಬಹುದು. ಆದರೆ ಆ ಕಾಲೇಜು ಅಮೆರಿಕ ಸರ್ಕಾರದ ಪಟ್ಟಿಯಲ್ಲಿರಬೇಕು. ಹೆಸರುವಾಸಿ ಕಾಲೇಜೆಂದ ಮಾತ್ರಕ್ಕೆ ಪಟ್ಟಿಯಲ್ಲಿದೆ ಎಂದುಕೊಳ್ಳುವಂತಿಲ್ಲ, ನೋಡಿಯೇ ಖಚಿತಪಡಿಸಿಕೊಳ್ಳಬೇಕು.

ಇನ್ನೊಂದು ಮುಖ್ಯ ಬದಲಾವಣೆಯಿದೆ. 2025ರ ಜುಲೈನಲ್ಲಿ ಜಾರಿಯಾದ ಕಾನೂನಿನಂತೆ, 2026ರ ಜುಲೈ 1ರಿಂದ ಹೊಸದಾಗಿ ಸಾಲ ಪಡೆಯುವ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಗ್ರ್ಯಾಡ್ ಪ್ಲಸ್ ಎಂಬ ಸಾಲ ಸಿಗುವುದಿಲ್ಲ. ಮೊದಲು ಓದಿನ ಪೂರ್ತಿ ಖರ್ಚಿಗೂ ಇದರಲ್ಲಿ ಸಾಲ ಸಿಗುತ್ತಿತ್ತು. ಈಗ ಸಾಮಾನ್ಯ ಸ್ನಾತಕೋತ್ತರ ಪದವಿಗೆ ವರ್ಷಕ್ಕೆ 20,500 ಡಾಲರ್ ಮಿತಿ. ಹಾಗಾಗಿ “ಸರ್ಕಾರಿ ಸಾಲದಲ್ಲೇ ಎಲ್ಲ ಮುಗಿಯುತ್ತದೆ” ಎನ್ನುವ ಹಳೆಯ ಸಂದೇಶಗಳನ್ನು ಈಗ ನಂಬಬೇಡಿ.

ಟ್ರಿಪಲ್ ಕ್ರೌನ್ ಎಂದರೇನು?

ಬಿಸಿನೆಸ್ ಸ್ಕೂಲ್‌ಗಳಿಗೆ ಮಾನ್ಯತೆ ಕೊಡುವ ಮೂರು ಸಂಸ್ಥೆಗಳಿವೆ. 1916ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಎಎಸಿಎಸ್‌ಬಿ, ಬ್ರಸೆಲ್ಸ್‌ನ ಸಂಸ್ಥೆಯೊಂದು ನೀಡುವ ಇಕ್ವಿಸ್, ಮತ್ತು ಲಂಡನ್ನಿನ ಆಂಬಾ. ಮೂರೂ ಸಿಕ್ಕಿದರೆ ಟ್ರಿಪಲ್ ಕ್ರೌನ್. ಜಗತ್ತಿನಲ್ಲಿ ನೂರಕ್ಕೂ ಹೆಚ್ಚು ಸಂಸ್ಥೆಗಳಿಗೆ ಇದು ಇದೆ.

ಇದು ಸರ್ಕಾರ ಕೊಡುವ ಬಿರುದಲ್ಲ, ರ‍್ಯಾಂಕೂ ಅಲ್ಲ. ಹಾರ್ವರ್ಡ್, ಸ್ಟ್ಯಾನ್‌ಫರ್ಡ್‌ಗಳಿಗೆ ಟ್ರಿಪಲ್ ಕ್ರೌನ್ ಇಲ್ಲ. ಅವು ಎಎಸಿಎಸ್‌ಬಿ ಮಾತ್ರ ಪಡೆದಿವೆ, ಉಳಿದೆರಡು ಅವಕ್ಕೆ ಬೇಕಾಗಿಲ್ಲ. ನಮ್ಮ ಬೆಂಗಳೂರಿನ ಐಐಎಂಗೆ ಇಕ್ವಿಸ್ ಇದೆ. ಹೀಗಾಗಿ ಮಾನ್ಯತೆಯನ್ನು ಜರಡಿಯಂತೆ ಬಳಸಿ. ಈ ಮೂರರಲ್ಲಿ ಒಂದೂ ಇಲ್ಲದ ಕಾಲೇಜಾದರೆ ನೂರು ಸಲ ಯೋಚಿಸಿ. ಮೂರೂ ಇದ್ದರೆ ಅದು ಕೆಳಮಟ್ಟದ್ದಲ್ಲ ಎಂದಷ್ಟೇ ಅರ್ಥ.

ರ‍್ಯಾಂಕಿಂಗ್ ನೋಡಿದರೆ ಸಾಲದೇ?

ಅಮೆರಿಕನ್ನರು ಹೆಚ್ಚು ನೋಡುವ ಯುಎಸ್ ನ್ಯೂಸ್ ಪಟ್ಟಿ ಅಮೆರಿಕದ ಕಾಲೇಜುಗಳನ್ನಷ್ಟೇ ಅಳೆಯುತ್ತದೆ. ಯುರೋಪಿನವೂ ಇರುವ ಫೈನಾನ್ಷಿಯಲ್ ಟೈಮ್ಸ್ ಪಟ್ಟಿಯಲ್ಲಿ ಓದು ಮುಗಿದ ಮೂರು ವರ್ಷಕ್ಕೆ ಸಿಗುವ ಸಂಬಳಕ್ಕೆ ಮಹತ್ವ. ಆದರೆ ಆ ಸಂಬಳವನ್ನು ಆಯಾ ದೇಶದ ಕೊಳ್ಳುವ ಶಕ್ತಿಗೆ ಹೊಂದಿಸಿ ಲೆಕ್ಕ ಹಾಕುತ್ತಾರೆ. ಜೀವನ ವೆಚ್ಚ ಕಡಿಮೆ ಇರುವ ದೇಶದ ಸಂಬಳ ಅಲ್ಲಿ ದೊಡ್ಡದಾಗಿ ಕಾಣುತ್ತದೆ. ಸಾಲ ಡಾಲರಿನಲ್ಲಿದ್ದರೆ ಆ ದೊಡ್ಡ ಅಂಕಿಯಿಂದ ಕಂತು ಕಟ್ಟಲಾಗದು.

ಹಾಗಾದರೆ ಏನನ್ನು ನೋಡಬೇಕು?

ಒಂದೇ ಪ್ರಶ್ನೆ: ಓದು ಮುಗಿದ ಮೇಲೆ ಎಲ್ಲಿ ಕೆಲಸ ಮಾಡುವ ಯೋಚನೆ?

ಅಮೆರಿಕಕ್ಕೇ ಮರಳುವುದಾದರೆ, ಕಾಲೇಜಿನ ಉದ್ಯೋಗ ವರದಿ ತೆರೆದು ಉತ್ತರ ಅಮೆರಿಕದಲ್ಲಿ ಕೆಲಸ ಸಿಕ್ಕವರೆಷ್ಟು ಎಂದು ನೋಡಿ. ಅಲ್ಲಿ ‘ಶೇಕಡ 90 ಮಂದಿಗೆ ಕೆಲಸ’ ಎಂದಿದ್ದರೆ, ಯಾವ ಸಂಖ್ಯೆಯ ಶೇಕಡ 90 ಎಂದು ಕೇಳಿ. ಸಾಮಾನ್ಯವಾಗಿ ಅದು ಕೆಲಸ ಹುಡುಕುತ್ತಿದ್ದವರ ಲೆಕ್ಕ. ಕಂಪನಿಯೇ ಕಳಿಸಿ ಮರಳಿ ಕರೆಸಿಕೊಂಡವರು, ಸ್ವಂತ ಉದ್ಯಮಕ್ಕಿಳಿದವರು ಅದರಲ್ಲಿ ಇರುವುದಿಲ್ಲ.

ಯುರೋಪಿನಲ್ಲೇ ಉಳಿಯುವುದಾದರೆ ಭಾಷೆ ಮತ್ತು ವೀಸಾ ಎರಡೂ ಮುಖ್ಯ. ಪಾಠ ಇಂಗ್ಲಿಷಿನಲ್ಲಿ ನಡೆದರೂ ಪ್ಯಾರಿಸ್, ಮ್ಯೂನಿಕ್‌ಗಳ ಬಹಳಷ್ಟು ಕಚೇರಿಗಳಲ್ಲಿ ಫ್ರೆಂಚ್, ಜರ್ಮನ್ ಬೇಕು. ಓದಿನ ನಂತರ ಕೆಲಸ ಹುಡುಕಲು ಜರ್ಮನಿ 18 ತಿಂಗಳು ಕೊಡುತ್ತದೆ, ಸ್ವಿಟ್ಜರ್ಲೆಂಡ್ ಕೊಡುವುದು ಆರೇ ತಿಂಗಳು. ಜೊತೆಗೆ, ಅಮೆರಿಕದ ಪ್ರಜೆಗಳು ಯಾವ ದೇಶದಲ್ಲಿದ್ದರೂ, ಆದಾಯ ಮಿತಿಗಿಂತ ಹೆಚ್ಚಿದ್ದರೆ, ಅಮೆರಿಕಕ್ಕೆ ತೆರಿಗೆ ವಿವರ ಸಲ್ಲಿಸಬೇಕು. ಅಮೆರಿಕದಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ಬೆಳೆದ ಮಕ್ಕಳಿಗೂ ಇದು ಅನ್ವಯ.

ಇಲ್ಲಿ ಇನ್ನೊಂದು ಎಚ್ಚರ. ಯುರೋಪಿನಲ್ಲಿ ಓದಿದ ಅಮೆರಿಕದ ಪ್ರಜೆಗೆ ಕೆಲಸ ಸಿಗದಿದ್ದರೆ ತನ್ನ ದೇಶಕ್ಕೆ ಮರಳಿ ಯಾವ ವೀಸಾ ಇಲ್ಲದೆ ದುಡಿಯಬಹುದು. ಭಾರತದ ಪಾಸ್‌ಪೋರ್ಟ್ ಇರುವವರಿಗೆ ಆ ಅಮೆರಿಕದ ಬಾಗಿಲು ತೆರೆದಿರುವುದಿಲ್ಲ. ನ್ಯೂಜೆರ್ಸಿಯ ಸೋದರಸಂಬಂಧಿಗೆ ಸರಿಹೋದ ಲೆಕ್ಕ ಮೈಸೂರಿನ ನಿಮ್ಮ ಮಗಳಿಗೆ ಸರಿಹೋಗಬೇಕೆಂದಿಲ್ಲ.

ಫಾರ್ವರ್ಡ್ ಮಾಡುವ ಮುನ್ನ

• ಮಾನ್ಯತೆ ಇದೆಯೇ ಎಂಬುದನ್ನು ಕಾಲೇಜಿನ ಜಾಹೀರಾತಿನಲ್ಲಲ್ಲ, ಮಾನ್ಯತೆ ಕೊಡುವ ಸಂಸ್ಥೆಯ ಜಾಲತಾಣದಲ್ಲಿ ನೋಡಿ.
• ಶುಲ್ಕ, ವಾಸದ ಖರ್ಚು, ಕೈಬಿಟ್ಟ ಸಂಬಳ ಮೂರನ್ನೂ ಒಂದೇ ಕರೆನ್ಸಿಯಲ್ಲಿ ಕೂಡಿ.
• ನಿಮಗೆ ಬೇಕಾದ ದೇಶದಲ್ಲಿ, ಬೇಕಾದ ಕ್ಷೇತ್ರದಲ್ಲಿ ಕೆಲಸ ಮಾಡುತ್ತಿರುವ ಇಬ್ಬರು ಹಳೆಯ ವಿದ್ಯಾರ್ಥಿಗಳೊಂದಿಗೆ ಮಾತಾಡಿ.

ಒಳ್ಳೆಯ ಕಾಲೇಜುಗಳು ಯುರೋಪಿನಲ್ಲಿ ಬೇಕಾದಷ್ಟಿವೆ. ಆದರೆ ಅದು ಯಾರಿಗೆ ಒಳ್ಳೆಯದು ಎಂಬುದನ್ನು ಮೂರು ಸಾಲಿನ ಸಂದೇಶ ಹೇಳಲಾರದು.