ಪೈರುಗಳ ಆತ್ಮರಕ್ಷಣೆ

ಗಿಡವು ನಿಂತಲ್ಲೇ ನಿಲ್ಲುವ ಜೀವಿ. ಹುಳು ಮೈಮೇಲೆ ಹತ್ತಿದರೆ ಓಡಲಾರದು, ಕೂಗಲಾರದು. ಆದುದರಿಂದ ಅದನ್ನು ಕಾಯುವ ಹೊಣೆಯೆಲ್ಲ ರೈತನದೇ ಎಂಬುದು ನಮ್ಮ ಸಾಮಾನ್ಯ ತಿಳಿವಳಿಕೆ. ಒಕ್ಕಲು ಮನೆಯಿಂದ ಬಂದು, ಆ ಮನೆಯಲ್ಲಿ ಮೊದಲಿಗನಾಗಿ ಕಾಲೇಜಿನ ಮೆಟ್ಟಿಲು ಹತ್ತಿದ ನನಗೆ ಈ ವಿಷಯ ಬರಿಯ ಕುತೂಹಲದ್ದಲ್ಲ. ಹುಳು ತಿಂದ ಎಲೆಯೆಂದರೆ ವರ್ಷದ ಅನ್ನದ ಪ್ರಶ್ನೆ. ನಾನು ವಿಜ್ಞಾನದ ವಿದ್ಯಾರ್ಥಿಯಲ್ಲ. ಆದರೂ ಓದಿ ತಿಳಿದಷ್ಟನ್ನು ಗೆಳೆಯರ ಮುಂದಿಡುತ್ತೇನೆ.

ಪೈರಿನ ಮೊದಲನೆಯ ಆಯುಧ ವಿಷ. ಎಳೆಯ ಜೋಳದ ಪೈರನ್ನು ಮೇಯ್ದ ದನ ಸಾಯುವುದುಂಟೆಂದು ಹಳ್ಳಿಯವರು ಬಲ್ಲರು. ಆ ಎಲೆಯಲ್ಲಿ ಧುರಿನ್ ಎಂಬ ವಸ್ತು ಒಂದೆಡೆ, ಅದನ್ನು ಒಡೆಯುವ ಕಿಣ್ವ ಇನ್ನೊಂದೆಡೆ ಇರುತ್ತವೆ. ಎಲೆಯನ್ನು ಅಗಿದೊಡನೆ ಎರಡೂ ಕಲೆತು ಸಯನೈಡ್ ವಿಷ ಹುಟ್ಟುತ್ತದೆ. ದನಕ್ಕೆ ಆಗುವ ಕೇಡು ಹುಳುವಿಗೂ ಆಗುತ್ತದೆ.

ಎರಡನೆಯದು ಹುಳುವಿನ ಜೀರ್ಣಶಕ್ತಿಯನ್ನು ಕೆಡಿಸುವುದು. ಟೊಮೇಟೊ, ಆಲೂಗಡ್ಡೆ ಗಿಡಗಳ ಒಂದು ಎಲೆಯನ್ನು ಕೀಟ ಕಚ್ಚಿದರೆ, ಕಚ್ಚದ ಎಲೆಗಳಲ್ಲೂ ಸಸಾರಜನಕ ಅರಗದಂತೆ ತಡೆಯುವ ವಸ್ತು ಶೇಖರವಾಗುತ್ತದೆಂದು ಅಮೆರಿಕೆಯ ಕ್ಲಾರೆನ್ಸ್ ರಯಾನ್ ಮತ್ತು ಅವರ ಸಹೋದ್ಯೋಗಿ 1972ರಲ್ಲಿ ತೋರಿಸಿದರು. ಅಂಥ ಎಲೆಯನ್ನು ತಿಂದ ಹುಳು ಹೊಟ್ಟೆ ತುಂಬಿದರೂ ಸರಿಯಾಗಿ ಬೆಳೆಯದು.

ಮೂರನೆಯದೇ ಎಲ್ಲಕ್ಕಿಂತ ಸೋಜಿಗದ್ದು. ಹುಳು ತಿನ್ನತೊಡಗಿದಾಗ ಮೆಕ್ಕೆಜೋಳದ ಗಿಡ ಒಂದು ಬಗೆಯ ವಾಸನೆಯನ್ನು ಗಾಳಿಗೆ ಬಿಡುತ್ತದೆ. ಅದರ ಜಾಡು ಹಿಡಿದು ಸಣ್ಣ ಕಣಜಗಳು ಬರುತ್ತವೆ. ಹುಳುವಿನ ಒಡಲಲ್ಲಿ ಮೊಟ್ಟೆಯಿಡುತ್ತವೆ. ಹುಟ್ಟಿದ ಮರಿಗಳು ಹುಳುವನ್ನು ಒಳಗಿನಿಂದ ತಿಂದು ಮುಗಿಸುತ್ತವೆ. ಟರ್ಲಿಂಗ್ಸ್ ಮತ್ತು ಸಂಗಡಿಗರು ಇದನ್ನು 1990ರಲ್ಲಿ ಪ್ರಕಟಿಸಿದರು. ಗಿಡವನ್ನು ಹೀಗೆ ಎಚ್ಚರಿಸುವ ವಸ್ತು ಹುಳುವಿನ ಬಾಯಿರಸದಲ್ಲೇ ಇದೆಯೆಂದು 1997ರಲ್ಲಿ ತಿಳಿದುಬಂತು.

ಹಾಗಾದರೆ ಬೆಳೆ ಹಾಳಾಗುವುದೇಕೆ? ಹುಳುವೂ ಸುಮ್ಮನೆ ಕುಳಿತಿಲ್ಲ. ಅಮೆರಿಕ ಖಂಡದ ಫಾಲ್ ಸೈನಿಕ ಹುಳು ಮೆಕ್ಕೆಜೋಳದ ಎಲೆಯ ವಿಷಕ್ಕೆ ಸಕ್ಕರೆಯ ಅಂಶವನ್ನು ಜೋಡಿಸಿ ಅದನ್ನು ನಿರಪಾಯಗೊಳಿಸಬಲ್ಲದು. ಇದು ಭಾರತದಲ್ಲಿ ಮೊದಲು ಕಂಡದ್ದು ನಮ್ಮ ಶಿವಮೊಗ್ಗದಲ್ಲೇ, 2018ರ ಮೇ ತಿಂಗಳಲ್ಲಿ. ಆದರೆ ನಮ್ಮ ನಾಡಿನ ಕಣಜಗಳು ಈ ಹೊಸ ಅತಿಥಿಯನ್ನೂ ಗುರುತಿಸಿ, ಅದರ ಮೇಲೆ ಮೊಟ್ಟೆಯಿಡತೊಡಗಿವೆ.

ಇಲ್ಲಿಯೇ ನಾವು ಯೋಚಿಸಬೇಕಾದುದು. ಹುಳು ಕಂಡೊಡನೆ ಹೊಲಕ್ಕೆಲ್ಲ ಕಡುವಿಷವನ್ನು ಸಿಂಪಡಿಸಿದರೆ, ಗಿಡದ ಕರೆಗೆ ಓಗೊಟ್ಟು ಬಂದ ಕಣಜವೂ ಸಾಯುತ್ತದೆ. ಔಷಧಿಯೇ ಬೇಡವೆಂದು ನಾನು ಹೇಳುವುದಿಲ್ಲ. ಬೆಳೆ ಕಳೆದುಕೊಂಡ ರೈತನಿಗೆ ಉಪದೇಶ ಹೊಟ್ಟೆ ತುಂಬಿಸದು. ಮೊದಲು ಸಾಲಿನಲ್ಲಿ ನಡೆದು ಸುಳಿಯನ್ನು ನೋಡಬೇಕು, ಮೊಟ್ಟೆಯ ಗುಂಪು ಕಂಡರೆ ಕೈಯಿಂದಲೇ ಹೊಸಕಬೇಕು, ಹಾವಳಿ ಮಿತಿಮೀರಿದಾಗ ಮಾತ್ರ ಔಷಧಿಗೆ ಕೈಹಾಕಬೇಕು. ರಜೆಯಲ್ಲಿ ಊರಿಗೆ ಹೋಗುವ ನಾವು ಈ ಮಾತನ್ನು ಮನೆಯ ಹಿರಿಯರಿಗೆ ತಿಳಿಯಹೇಳಿದರೆ ಕಲಿತದ್ದು ಅಷ್ಟರಮಟ್ಟಿಗೆ ಸಾರ್ಥಕ.