ಹೆಬ್ರಾನ್ ಹೇಳುವ ಎರಡು ಸತ್ಯಗಳು

ಅರಬ್-ಯಹೂದಿ ವೈರ 1948ರಲ್ಲಿ ಇಸ್ರೇಲ್ ಸ್ಥಾಪನೆಯೊಂದಿಗೇ ಹುಟ್ಟಿತೆಂಬ ನಂಬಿಕೆ ನಮ್ಮಲ್ಲಿ ಅನೇಕರಿಗಿದೆ. ಅದಕ್ಕೂ 19 ವರ್ಷ ಮೊದಲು, ಬ್ರಿಟಿಷ್ ಆಡಳಿತದಲ್ಲಿದ್ದ ಪ್ಯಾಲೆಸ್ಟೀನಿನ ಹೆಬ್ರಾನ್ ಪಟ್ಟಣದಲ್ಲಿ ನಡೆದುದನ್ನು ನೋಡಿದರೆ ಈ ನಂಬಿಕೆ ನಿಲ್ಲುವುದಿಲ್ಲ.

ಜೆರುಸಲೇಮಿನ ಅಲ್-ಅಕ್ಸಾ ಮಸೀದಿಯನ್ನು ಯಹೂದಿಗಳು ವಶಪಡಿಸಿಕೊಳ್ಳಲಿದ್ದಾರೆಂಬ ವದಂತಿ ಹಬ್ಬಿತ್ತು. 1929ರ ಆಗಸ್ಟ್ 24ರಂದು ಅರಬ್ ಗುಂಪುಗಳು ಮನೆಮನೆಗೆ ನುಗ್ಗಿದವು. 67 ಯಹೂದಿಗಳು ಹತರಾದರು. ಅವರಲ್ಲಿ ಧರ್ಮಪಾಠಶಾಲೆಯ ವಿದ್ಯಾರ್ಥಿಗಳೂ ಇದ್ದರು. ಬದುಕುಳಿದವರನ್ನು ಸರ್ಕಾರ ಜೆರುಸಲೇಮಿಗೆ ಸಾಗಿಸಿತು; ಶತಮಾನಗಳಿಂದ ಅಲ್ಲಿ ನೆಲೆಸಿದ್ದ ಸಮುದಾಯವೊಂದರ ಬೇರು ಕಿತ್ತುಹೋಯಿತು. ಅದೇ ದಿನ ಹಲವು ಅರಬ್ ಕುಟುಂಬಗಳು ನೆರೆಯ ಯಹೂದಿಗಳನ್ನು ತಮ್ಮ ಮನೆಗಳಲ್ಲಿ ಅಡಗಿಸಿ ಅನೇಕರ ಪ್ರಾಣ ಉಳಿಸಿದವು.

ಬ್ರಿಟಿಷ್ ಸರ್ಕಾರ ನೇಮಿಸಿದ ಷಾ ಆಯೋಗ 1930ರಲ್ಲಿ ವರದಿ ನೀಡಿ, ಅರಬರ ರಾಜಕೀಯ ಆಶಾಭಂಗ ಹಾಗೂ ಆರ್ಥಿಕ ಭವಿಷ್ಯದ ಭೀತಿಯನ್ನು ಮೂಲಕಾರಣವೆಂದು ಗುರುತಿಸಿತು. ಅರ್ಥಶಾಸ್ತ್ರ ಓದಿದ ನಾನು ಇಂಥ ಕಾರಣಗಳನ್ನು ಅಲ್ಲಗಳೆಯಲಾರೆ. ಆದರೆ ಕಾರಣವು ಕೊಲೆಗೆ ಸಮರ್ಥನೆಯಾಗದು; ನಿರಾಯುಧರನ್ನು ರಕ್ಷಿಸಲಾಗದ ಆಡಳಿತವೂ ಹೊಣೆಯಿಂದ ನುಣುಚಿಕೊಳ್ಳಲಾಗದು.

ಹತ್ಯೆಯನ್ನು ಮರೆತರೆ ಸತ್ತವರಿಗೆ ಅನ್ಯಾಯ. ಅದರ ನೆಪದಲ್ಲಿ ಇಡೀ ಜನಾಂಗವನ್ನು ದೂಷಿಸಿದರೆ, ಅಂದು ಬಾಗಿಲು ತೆರೆದವರಿಗೆ ಅನ್ಯಾಯ.